ಶಾಲು ಹೊದ್ದ ಕಾವಲುಗಾರ

"ಬುದ್ಧಿ, ಉಣಿಸು ಎಂಬ ಅರ್ಥವೂ ಕಾಪಾಡು ಎಂಬ ಅರ್ಥವೂ ಒಂದೇ ಬೇರಿನಿಂದ ಹೇಗೆ ಹುಟ್ಟಿದವು?" ಎಂದು ಮುರಿಗೆಪ್ಪ ಮಠದ ಗುರುಗಳನ್ನು ಕೇಳಿದ.

ಮುರಿಗೆಪ್ಪ ಮಠದ ಹಳೆಯ ಶಿಷ್ಯ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು. ಸುತ್ತಲಿನ ಹಳ್ಳಿಗಳ ಮೇಷ್ಟ್ರುಗಳಿಗೆ ಉಪಯೋಗವಾಗಲೆಂದು, ಇಂಗ್ಲಿಷ್ ಪದಗಳ ಹುಟ್ಟನ್ನು ಕನ್ನಡದಲ್ಲಿ ಹೇಳುವ ಪುಸ್ತಕವೊಂದನ್ನು ಹದಿನಾಲ್ಕು ವರ್ಷಗಳಿಂದ ಬರೆಯುತ್ತಿದ್ದ. ಪ್ರತಿ ಬೇಸಿಗೆ ರಜೆಯಲ್ಲೂ ನಾಲ್ಕಾರು ಮೇಷ್ಟ್ರುಗಳು ಅವನ ಮನೆಗೆ ಬಂದು, ಪುಸ್ತಕ ಆಯಿತೇ ಎಂದು ವಿಚಾರಿಸುತ್ತಿದ್ದರು. ಇನ್ನೊಂದಿಷ್ಟು ತಿದ್ದುವುದಿದೆ ಎಂದು ಅವನು ಅವರಿಗೆ ಕಾಫಿ ಕುಡಿಸಿ ಕಳಿಸುತ್ತಿದ್ದ. ಈಗ ಅವನ ಲೇಖನಿ 'ಪಾಸ್ಚರ್' ಎಂಬ ಪದದ ಹತ್ತಿರ ನಿಂತುಬಿಟ್ಟಿತ್ತು.

ಪಾಸ್ಚರ್ ಎಂದರೆ ದನ ಮೇಯುವ ಹುಲ್ಲುಗಾವಲು. ಅದು ಲ್ಯಾಟಿನ್ ಭಾಷೆಯಿಂದ ಬಂದದ್ದು. ಅಲ್ಲಿ ಅದರ ಮೂಲಕ್ಕೆ ಮೇಯಿಸು, ಉಣಿಸು ಎಂದು ಅರ್ಥ. ಇನ್ನೂ ಹಿಂದಕ್ಕೆ ಹೋದರೆ ವಿದ್ವಾಂಸರು ಮತ್ತೊಂದು ಬೇರನ್ನು ತೋರಿಸುತ್ತಾರೆ, ಅದಕ್ಕೆ ಕಾಪಾಡು ಎಂಬ ಅರ್ಥ. ನಮ್ಮ ಗೋಪ ಎಂಬ ಮಾತಿನ ಕೊನೆಯಲ್ಲಿರುವುದೂ ಅದೇ ಬೇರು. ಮುರಿಗೆಪ್ಪ ಇಷ್ಟನ್ನೂ ಬಿಡಿಸಿ ಹೇಳಿದ. ಉಣಿಸುವವನು ಬಾಗಿಲು ತೆಗೆಯಬೇಕು, ಕಾಪಾಡುವವನು ಬಾಗಿಲು ಹಾಕಬೇಕು, ಎರಡೂ ಒಂದೇ ಹೊಟ್ಟೆಯ ಮಕ್ಕಳು ಹೇಗಾದಾವು ಎಂಬುದು ಅವನ ಸಂಕಟ. ಯಾವ ಅರ್ಥವನ್ನು ಮೊದಲು ಬರೆಯಬೇಕೆಂದು ತಿಳಿಯದೆ ಎರಡು ತಿಂಗಳಾಗಿದ್ದವು.

ಗುರುಗಳಿಗೆ ವಯಸ್ಸಾಗಿತ್ತು, ಅವರ ನಾಲಗೆಗೆ ಆಗಿರಲಿಲ್ಲ. ಎರಡು ತಿಂಗಳಿಂದ ಒಂದೇ ಪದದ ಎದುರು ಕೂತಿದ್ದೀಯಲ್ಲ, ಆ ಪದಕ್ಕೇ ನಿನ್ನನ್ನು ನೋಡಿ ನೋಡಿ ಬೇಜಾರಾಗಿರಬೇಕು ಎಂದರು.  ಗುರುಗಳು ಮೆತ್ತಗೆ ಕಾಲು ಚಾಚಿ ಕುಳಿತು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಐದು ಊರುಗಳಿಗೆ ಸೇರಿದ ಒಂದು ಕಾವಲಿತ್ತು. ಕಾವಲು ಎಂದರೆ ಹುಲ್ಲು ಬೆಳೆಯಲೆಂದೇ ಬಿಟ್ಟ ನೆಲ. ಮೊದಲ ಮಳೆ ಬಿದ್ದ ದಿನ ಅದರ ಮುಳ್ಳಿನ ಬಾಗಿಲು ಹಾಕಿದರೆ, ಹುಲ್ಲು ಬೆಳೆದು ತೆನೆ ಬಿಟ್ಟು ಬೀಜ ಬಲಿಯುವವರೆಗೆ ಯಾರ ದನವೂ ಒಳಗೆ ಗೊರಸು ಇಡುವಂತಿಲ್ಲ. ಗೌಡನ ಎತ್ತಾದರೂ ಅಷ್ಟೆ, ದೇವರ ಬಸವನಾದರೂ ಅಷ್ಟೆ. ಬೀಜ ಬಲಿಯುವ ಮೊದಲೇ ಮೇಯಿಸಿಬಿಟ್ಟರೆ ಬರುವ ವರ್ಷ ಹುಲ್ಲು ಹುಟ್ಟುವುದಿಲ್ಲ. ಇದು ಐದು ಊರಿಗೂ ಗೊತ್ತಿತ್ತು. ಗೊತ್ತಿದ್ದೂ ಕದ್ದು ದನ ನುಗ್ಗಿಸುವವರಿಗೆ ಕೊರತೆ ಇರಲಿಲ್ಲ. ಅದಕ್ಕೇ ಒಬ್ಬ ಕಾವಲುಗಾರನನ್ನು ಇಟ್ಟಿದ್ದರು. ಅವನ ಬುತ್ತಿ ದಿನಕ್ಕೊಂದು ಊರಿನಿಂದ ಬರುತ್ತಿತ್ತು.

ಅವನ ಹೆಸರು ಚಿತ್ತಯ್ಯ. ಅವನಪ್ಪನೂ ಅದೇ ಕೆಲಸ ಮಾಡಿ ಸತ್ತವನು. ಚಿತ್ತಯ್ಯನಿಗೆ ಹುಲ್ಲೆಂದರೆ ಜೀವ. ಒಂದು ಕರು ಬೇಲಿಯ ಸಂದಿಯಲ್ಲಿ ಮೂತಿ ತೂರಿಸಿದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಬಾಗಿಲು ತೆಗೆಯುವ ದಿನ ಪಂಚಾಂಗದಲ್ಲಿ ಇರಲಿಲ್ಲ, ಕಾವಲುಗಾರನ ಕಂಬಳಿಯಲ್ಲಿತ್ತು. ಆ ಸೀಮೆಯ ಹುಲ್ಲಿನ ಬೀಜಕ್ಕೆ ತುದಿಯಲ್ಲಿ ಸಣ್ಣ ಮುಳ್ಳು. ಬಲಿತ ಬೀಜ ಮುಟ್ಟಿದ್ದಕ್ಕೆ ಕಚ್ಚಿಕೊಳ್ಳುತ್ತದೆ, ಎಳೆಯದು ತೆನೆಯನ್ನು ಬಿಟ್ಟು ಬರುವುದಿಲ್ಲ. ಕಾವಲುಗಾರ ದಿನಾ ಬೆಳಿಗ್ಗೆ ಪಂಚೆಯನ್ನು ತೊಡೆಯ ಮೇಲಕ್ಕೆ ಎತ್ತಿ ಕಟ್ಟಿ, ಹೊದ್ದ ಕಂಬಳಿಯ ಅಂಚನ್ನು ಹುಲ್ಲಿನ ಮೇಲೆ ಎಳೆದುಕೊಂಡು ಕಾವಲನ್ನು ಒಂದು ಸುತ್ತು ಬರಬೇಕು. ಅಂಚಿನ ಉಣ್ಣೆ ಕಾಣದಷ್ಟು ಬೀಜ ಅಂಟಿದ ದಿನ ಬಾಗಿಲು ತೆಗೆಯಬೇಕು. ಮಳೆ ಕಡಿಮೆಯಾದರೆ ಬೀಜ ಬಲಿಯದೆಯೂ ಹುಲ್ಲು ಹಳದಿಯಾಗುತ್ತದೆ, ಕಣ್ಣನ್ನು ನಂಬಬೇಡ ಎಂದು ಅಪ್ಪ ಅವನಿಗೆ ಹೇಳಿಹೋಗಿದ್ದ.

ಒಂದು ವರ್ಷ ಚಿತ್ತಯ್ಯ ತನ್ನ ಸ್ವಂತ ಭಾವನ ಜೋಡಿ ಎತ್ತು ಒಳಗೆ ನುಗ್ಗಿದ್ದನ್ನು ಕಂಡ. ಕಂಡು ಸುಮ್ಮನಿರಲಿಲ್ಲ, ಹೊಡೆದುಕೊಂಡು ಹೋಗಿ ದೊಡ್ಡಿಯಲ್ಲಿ ಕೂಡಿಹಾಕಿದ. ಅಕ್ಕ ಬಂದು ಅತ್ತಳು, ಅವನು ಜಗ್ಗಲಿಲ್ಲ. ಆ ಸುದ್ದಿ ಐದು ಊರಲ್ಲೂ ಹಬ್ಬಿತು. ಕಾವಲುಗಾರ ಎಂದರೆ ಇವನಪ್ಪಾ ಎಂದು ಎಲ್ಲರೂ ಹೊಗಳಿದರು. ಯಜಮಾನರೆಲ್ಲ ಸೇರಿ, ಅರಳಿಕಟ್ಟೆಯ ಮೇಲೆ ಅವನನ್ನು ಕೂರಿಸಿ, ಒಂದು ರೇಷ್ಮೆ ಶಾಲು ಹೊದಿಸಿದರು.

ಅಲ್ಲಿಯವರೆಗೆ ಅವನ ಮೈಮೇಲೆ ಅಂಥ ಬಟ್ಟೆ ಬಿದ್ದಿರಲಿಲ್ಲ. ಅಪ್ಪನ ಕಾಲದ ಕಂಬಳಿಯನ್ನು ಮಡಿಸಿ ಗುಡಿಸಲಿನ ಗಳಕ್ಕೆ ನೇತುಹಾಕಿದ. ಶಾಲು ಹೊದ್ದೇ ಬೇಲಿ ಕಟ್ಟಿದ, ಶಾಲು ಹೊದ್ದೇ ಬುತ್ತಿ ಉಂಡ. ಐದು ಊರು ಮಾಡಿದ ಮರ್ಯಾದೆ, ತೆಗೆದಿಟ್ಟರೆ ಅವರಿಗೆ ಅವಮಾನ ಮಾಡಿದ ಹಾಗೆ ಎಂದುಕೊಂಡ. ಬೀಜ ನೋಡುವ ಕಾಲ ಬಂದಾಗ, ಶಾಲಿನ ಅಂಚನ್ನೇ ಹುಲ್ಲಿನ ಮೇಲೆ ಎಳೆದುಕೊಂಡು ಸುತ್ತು ಬಂದ.

ನೀನು ನಗುತ್ತಿದ್ದೀಯ, ಮುರಿಗೆಪ್ಪ. ರೇಷ್ಮೆಯ ಮೇಲೆ ಬೀಜ ನಿಲ್ಲುವುದುಂಟೇ ಎಂದು ನಿನಗೆ ಆಗಲೇ ಹೊಳೆದಿದೆ. ಹೊಳೆಯದೇ ಏನು, ನೀನು ಆ ಶಾಲು ಹೊದ್ದಿಲ್ಲವಲ್ಲ. ಹೊದ್ದವನಿಗೆ ಹೊಳೆಯಲಿಲ್ಲ.

ದೀಪಾವಳಿ ಬಂತು. ಬೇರೆ ವರ್ಷಗಳಲ್ಲಿ ಆ ಹೊತ್ತಿಗೆ ಬಾಗಿಲು ತೆಗೆದಿರುತ್ತಿತ್ತು. ಚಿತ್ತಯ್ಯ ಸುತ್ತು ಮುಗಿಸಿ ಬಂದು ಅಂಚು ನೋಡಿದ. ಎರಡೋ ಮೂರೋ ಬೀಜ ಇದ್ದವು, ಕೊಡವುವ ಮೊದಲೇ ಉದುರಿದವು. ಇನ್ನೂ ಆಗಿಲ್ಲ ಎಂದ. ವಾರ ಕಳೆದು ಕೇಳಿದರು, ಆಗಿಲ್ಲ ಎಂದ. ಇನ್ನೊಂದು ವಾರ ಕಳೆಯಿತು. ಊರುಗಳಲ್ಲಿ ಹಳೆಯ ಮೇವಿನ ಬಣವೆಗಳು ಬುಡ ಕಂಡಿದ್ದವು. ಹೊಸ ರಾಗಿ ಇನ್ನೂ ಹೊಲದಲ್ಲಿತ್ತು. ದನಗಳು ಬದುವಿನ ಗರಿಕೆಯನ್ನು ಬೇರು ಸಮೇತ ಕಿತ್ತು ತಿಂದು, ಕಾವಲಿನ ಬೇಲಿಯ ಉದ್ದಕ್ಕೂ ಮೂತಿ ಇಟ್ಟು ನಿಲ್ಲುತ್ತಿದ್ದವು. ಪಕ್ಕೆಲುಬು ಎಣಿಸುವ ಹಾಗಾಗಿದ್ದವು.

ಆದರೂ ಯಾರೂ ಜಗಳಕ್ಕೆ ಬರಲಿಲ್ಲ. ಭಾವನ ಎತ್ತನ್ನೇ ಬಿಡದವನು ಸುಮ್ಮನೆ ಹೇಳುತ್ತಾನೆಯೇ ಎಂದು ಅವರೇ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಬಾಗಿಲು ಹಾಕಿ ನಿಂತವನಿಗೆ ಇದಕ್ಕಿಂತ ದೊಡ್ಡ ಕಷ್ಟ ಬೇರೆ ಇಲ್ಲ. ಬೈದರೆ ತಿರುಗಿ ಬೈಯಬಹುದು. ನಂಬಿ ಸುಮ್ಮನೆ ಹೋಗುವವರಿಗೆ ಏನು ಹೇಳುವುದು? ಚಿತ್ತಯ್ಯನಿಗೆ ಹಗಲು ಹೊತ್ತು ದನಗಳ ಕಡೆ ತಿರುಗಿ ನೋಡಲು ಆಗುತ್ತಿರಲಿಲ್ಲ. ಬೀಜ ಯಾಕೆ ಬಲಿಯುತ್ತಿಲ್ಲ, ನೆಲಕ್ಕೆ ಏನಾಯಿತು, ತನ್ನ ಕಾವಲಿನ ಕಾಲದಲ್ಲೇ ಹೀಗಾಗಬೇಕೇ ಎಂದು ಒಳಗೊಳಗೇ ಕೊರಗಿದ. ದಿನಕ್ಕೆ ಒಂದು ಸುತ್ತು ಬರುವವನು ಎರಡು ಸುತ್ತು ಬಂದ, ಮೂರು ಸುತ್ತು ಬಂದ. ಶಾಲು ಮಾತ್ರ ಅದನ್ನೇ ಹೊದ್ದಿದ್ದ.

ಐದು ಊರುಗಳಲ್ಲಿ ಒಂದು ಊರಿನಲ್ಲಿ ಕ್ಯಾತಮ್ಮ ಎಂಬ ವಿಧವೆ ಇದ್ದಳು. ಅವಳಿಗಿದ್ದದ್ದು ಒಂದೇ ಹಸು. ಅದರ ಹಾಲೇ ಅವಳ ಜೀವನ. ಆ ಹಸು ತುಂಬಿದ ಗಬ್ಬ, ಇಂದೋ ನಾಳೆಯೋ ಈಯಬೇಕು. ಹೊಟ್ಟೆ ಮಾತ್ರ ತುಂಬಿತ್ತು, ಉಳಿದ ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಮಲಗಿದರೆ ಏಳಲು ನಾಲ್ಕು ಜನ ಹಿಡಿಯಬೇಕಿತ್ತು. ಕ್ಯಾತಮ್ಮ ಒಂದು ದಿನ ಕಾವಲಿನ ಬಾಗಿಲಿಗೆ ಬಂದು ನಿಂತಳು.

"ಚಿತ್ತಣ್ಣ, ನಾನು ಒಳಗೆ ಬಿಡು ಅಂತ ಕೇಳೋಕೆ ಬಂದಿಲ್ಲ. ಇನ್ನೆಷ್ಟು ದಿನ ಅಂತ ಹೇಳು. ಅಷ್ಟು ದಿನ ತಡ್ಕೊಳ್ಳವ್ವ ಅಂತ ಹಸೂಗೆ ಹೇಳ್ತೀನಿ."

"ಬೀಜ ಅಂಟಿಲ್ಲ, ಕ್ಯಾತಕ್ಕ" ಎಂದ ಚಿತ್ತಯ್ಯ.

ಅವಳು ಸೆರಗಿನಲ್ಲಿ ಕಟ್ಟಿ ತಂದಿದ್ದ ರೊಟ್ಟಿಯನ್ನು ಅವನ ಕೈಗಿಟ್ಟು ಹೋದಳು. ಆ ದಿನದ ಬುತ್ತಿಯ ಸರದಿ ಅವಳ ಊರಿನದು.  ಚಿತ್ತಯ್ಯ ಅದನ್ನು ತಿನ್ನದೆ ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಟ್ಟ.

ಮರುದಿನ ಬೆಳಿಗ್ಗೆ ಬೇಲಿಯ ಒಂದು ಕಡೆ ಮುಳ್ಳು ಸರಿದಿತ್ತು. ಒಳಗೆ ಹುಲ್ಲು ಬಗ್ಗಿ ದಾರಿ ಬಿದ್ದಿತ್ತು. ಈಯುವ ಹೊತ್ತಿಗೆ ಹಸು ಮರೆ ಹುಡುಕುತ್ತದೆ. ಕ್ಯಾತಮ್ಮನ ಹಸುವಿಗೆ ಆ ಸೀಮೆಯಲ್ಲಿ ಮರೆ ಅಂತ ಇದ್ದದ್ದು ಕಾವಲಿನ ಹುಲ್ಲು ಮಾತ್ರ. ಚಿತ್ತಯ್ಯ ಕೋಲು ಹಿಡಿದುಕೊಂಡು ಆ ದಾರಿಯಲ್ಲೇ ಹೋದ. ಒಳಗೆ ನುಗ್ಗಿದ ದನ ಯಾರದ್ದಾದರೂ ದೊಡ್ಡಿಗೆ ಹೊಡೆಯಬೇಕು, ಅವನ ಕೆಲಸ ಅದು. ಹೊಡೆದರೆ ಈ ಹಸು ದೊಡ್ಡಿ ಮುಟ್ಟುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಹೋಗಿ ನೋಡಿದರೆ ಹಸು ಆಗಲೇ ಈದಿತ್ತು. ಕರು ನೆಲದ ಮೇಲೆ ಒದ್ದೆಯಾಗಿ ಬಿದ್ದಿತ್ತು. ಬೆಳಗಿನ ಚಳಿಗೆ ಗಡಗಡ ನಡುಗುತ್ತಿತ್ತು. ತಾಯಿಗೆ ನೆಕ್ಕಲು ಕತ್ತು ಎತ್ತುವ ಶಕ್ತಿಯೂ ಇರಲಿಲ್ಲ. ಚಿತ್ತಯ್ಯನ ಕೈಯಿಂದ ಕೋಲು ಬಿತ್ತು. ಹೊದ್ದಿದ್ದ ಶಾಲನ್ನು ಎಳೆದು ಕರುವನ್ನು ಒರೆಸಿದ. ಶಾಲು ಜಾರಿತೇ ಹೊರತು ನೀರು ಹೀರಲಿಲ್ಲ. ಕರುವಿನ ನಡುಕ ನಿಲ್ಲಲಿಲ್ಲ. ಅವನು ಎದ್ದು ಗುಡಿಸಲಿಗೆ ಓಡಿದ. ಗಳದ ಮೇಲಿನ ಕಂಬಳಿಯನ್ನು ಎಳೆದುಕೊಂಡು, ಹುಲ್ಲಿನ ನಡುವೆ ಬಿದ್ದಂಬೀಳ ಓಡಿಬಂದ. ಕಂಬಳಿಯ ಒಂದು ಮಗ್ಗುಲು ಬಿಚ್ಚಿಕೊಂಡು ಉದ್ದಕ್ಕೂ ಹುಲ್ಲಿನ ಮೇಲೆ ಎಳೆಯುತ್ತಾ ಬಂತು. ಅದರ ಕಡೆ ಅವನಿಗೆ ಗಮನ ಇರಲಿಲ್ಲ.

ಕೈಯಲ್ಲಿದ್ದ ಮಗ್ಗುಲಿನಿಂದ ಕರುವನ್ನು ತಿಕ್ಕಿ ತಿಕ್ಕಿ ಒರೆಸಿದ. ಕರು ಬೆಚ್ಚಗಾಯಿತು, ಕಿವಿ ಕೊಡವಿತು. ಅಪ್ಪಾ, ಉಳಿಯಿತು ಎಂದು ಅವನು ಉಸಿರು ಬಿಟ್ಟ. ಕಂಬಳಿಯನ್ನು ಮಡಿಸಲು ಇನ್ನೊಂದು ಮಗ್ಗುಲು ತಿರುಗಿಸಿದ. ಅಂಚು ಕಾಣಲಿಲ್ಲ. ಅಂಚು ಮಾತ್ರ ಅಲ್ಲ, ಮೊಳದಗಲ ಕಂಬಳಿಯೇ ಕಾಣಲಿಲ್ಲ. ಅಷ್ಟೂ ಬೀಜ.

ಅವನು ಒಂದು ಬೀಜ ಕಿತ್ತು ಉಗುರಿನಲ್ಲಿ ಒತ್ತಿದ. ಕಲ್ಲಾಗಿತ್ತು. ನಿನ್ನೆ ಮೊನ್ನೆಯದಲ್ಲ, ಬಲಿತು ಇಪ್ಪತ್ತು ದಿನವಾದರೂ ಆಗಿರಬೇಕು. ಶಾಲು ಪಕ್ಕದಲ್ಲೇ ಬಿದ್ದಿತ್ತು. ಅದರ ಮೇಲೆ ಒಂದು ಬೀಜವೂ ಇರಲಿಲ್ಲ. ಬೇಲಿಯ ಆಚೆ ನಿಂತಿದ್ದ ಅಷ್ಟು ದನಗಳ ಹಸಿವು ಯಾರು ತಂದದ್ದು ಎಂದು ಅವನಿಗೆ ಆಗ ಅರ್ಥವಾಯಿತು.

ಆ ಗಳಿಗೆಯಲ್ಲಿ ಅವನ ಮುಂದೆ ಒಂದು ಸಲೀಸಾದ ದಾರಿಯೂ ಇತ್ತು. ಇವತ್ತೇ ಬೀಜ ಅಂಟಿತು ಎಂದು ಹೇಳಿ ಬಾಗಿಲು ತೆಗೆದರೆ ಸಾಕು. ಯಾರೂ ಒಳಗೆ ಬಂದು ನೋಡಿದವರಲ್ಲ. ಮರ್ಯಾದೆ ಮರ್ಯಾದೆಯಾಗಿಯೇ ಉಳಿಯುತ್ತಿತ್ತು. ಅವನಿಗೂ ಆ ಯೋಚನೆ ಬಂತು. ಬಂತು ಎಂದೇ ಹೇಳುತ್ತೇನೆ, ಅವನೇನು ದೇವರಲ್ಲ. ಆದರೆ ಹಿಂದಿನ ದಿನದ ರೊಟ್ಟಿ ಗುಡಿಸಲಿನಲ್ಲಿ ಹಾಗೇ ಇತ್ತು. ಅವನಿಗೆ ಅದನ್ನು ತಿನ್ನಲೂ ಆಗುತ್ತಿರಲಿಲ್ಲ, ಎಸೆಯಲೂ ಆಗುತ್ತಿರಲಿಲ್ಲ. ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ನೆಟ್ಟಗೆ ಊರಿಗೆ ನಡೆದ.

ಅರಳಿಕಟ್ಟೆಯ ಹತ್ತಿರ ಐದೂ ಊರಿನ ಯಜಮಾನರನ್ನು ಕರೆಸಿದ. ಕಂಬಳಿಯನ್ನು ಅವರ ಮುಂದೆ ಹಾಸಿದ, ಪಕ್ಕದಲ್ಲಿ ಶಾಲನ್ನೂ ಇಟ್ಟ. ಬೀಜ ಬಲಿತು ಇಪ್ಪತ್ತು ದಿನವಾಯಿತು, ನಾನು ಕಾಣಲಿಲ್ಲ, ನಿಮ್ಮ ದನಗಳನ್ನು ಹಸಿವಿಗೆ ಹಾಕಿದವನು ನಾನು ಎಂದ. ಒಂದು ಮಾತನ್ನೂ ಮುಚ್ಚಲಿಲ್ಲ. ಹೇಳಿ ಮುಗಿಸಿ ಕೈಕಟ್ಟಿ ನಿಂತ. ಹೊಡೆಯುತ್ತಾರೆಯೋ, ಕೆಲಸದಿಂದ ಓಡಿಸುತ್ತಾರೆಯೋ, ಯಾವುದಕ್ಕೂ ಸಿದ್ಧನಾಗಿದ್ದ. 

 ಯಜಮಾನರಲ್ಲಿ ಹಿರಿಯನಾದ ಓಬಳಪ್ಪ ಬಗ್ಗಿ ಶಾಲನ್ನು ಮುಟ್ಟಿದ, ಕಂಬಳಿಯನ್ನು ಮುಟ್ಟಿದ. ಅವನ ಬೆರಳಿಗೆ ನಾಲ್ಕು ಬೀಜ ಚುಚ್ಚಿಕೊಂಡವು.

"ಇದನ್ನು ಹೊದಿಸಿದವರು ನಾವು, ಹುಲ್ಲಿನ ಮೇಲೆ ಎಳೆದವನು ನೀನು. ತಪ್ಪು ಯಾರ ಪಾಲಿಗೆ ಎಷ್ಟು ಅಂತ ಸಾವಕಾಶವಾಗಿ ಹಂಚಿಕೊಳ್ಳೋಣ, ಈಗ ಹೋಗಿ ಬಾಗಿಲು ತೆಗಿ ಮಾರಾಯ" ಎಂದ.

ಚಿತ್ತಯ್ಯನಿಗೆ ಹೋದ ಜೀವ ಬಂದಂತಾಯಿತು. ಅವನು ಓಡಿದ ಓಟಕ್ಕೆ, ಕೋಲೂರಿ ಬರುತ್ತಿದ್ದ ಯಜಮಾನರು ಹಿಂದೆಯೇ ಉಳಿದರು. ಮುಳ್ಳಿನ ಬಾಗಿಲನ್ನು ಎರಡೂ ಕೈಯಿಂದ ಹಿಡಿದು ಎಳೆದ. ಅಂಗೈ ತುಂಬ ಗೀರು ಬಿದ್ದವು, ಅದು ಅವನಿಗೆ ಗೊತ್ತೂ ಆಗಲಿಲ್ಲ. ಐದು ಊರಿನ ದನಗಳು ಒಳಗೆ ಹೋದವು. ನುಗ್ಗುತ್ತವೆ, ತುಳಿದಾಡುತ್ತವೆ ಎಂದು ಅವನು ಹೆದರಿದ್ದ. ಅವು ಬಾಗಿಲು ದಾಟಿದ ಕೂಡಲೇ ತಲೆ ತಗ್ಗಿಸಿ ನಿಂತು ತಿನ್ನತೊಡಗಿದವು. ಕೇಳುತ್ತಿದ್ದದ್ದು ಹುಲ್ಲು ಹರಿಯುವ ಸದ್ದೊಂದೇ. ಚಿತ್ತಯ್ಯ ಆ ಸದ್ದು ಕೇಳುತ್ತಾ ಗೂಟಕ್ಕೆ ಒರಗಿ ನಿಂತು ಅತ್ತುಬಿಟ್ಟ. ಅಷ್ಟು ದಿನದಿಂದ ಗಟ್ಟಿಯಾಗಿದ್ದ ಎದೆ ಆಗ ಹಗುರವಾಯಿತು.

ಕ್ಯಾತಮ್ಮ ಬಂದು ನೋಡಿದಾಗ ಅವಳ ಹಸು ಮಲಗಿದಲ್ಲೇ ಸುತ್ತಲಿನ ಹುಲ್ಲನ್ನು ತಿಂದು ಮುಗಿಸಿತ್ತು. ಸಂಜೆಯ ಹೊತ್ತಿಗೆ ಯಾರೂ ಹಿಡಿಯದೆ ಎದ್ದು ನಿಂತಿತು. ಕರು ಕೆಚ್ಚಲಿಗೆ ಬಾಯಿ ಹಾಕಿತು. ಅವಳು ಚಿತ್ತಯ್ಯನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ನಿನ್ನೆಯ ರೊಟ್ಟಿ ಉಂಡೆಯಾ ಎಂದು ಮಾತ್ರ ಕೇಳಿದಳು. ಅವನು ಅವಳ ಎದುರಿಗೇ ಕುಳಿತು ಆ ಒಣಗಿದ ರೊಟ್ಟಿಯನ್ನು ತಿಂದ.

ಒಂದು ಚಿಂತೆ ಮಾತ್ರ ಉಳಿಯಿತು. ಬಾಗಿಲು ತೆಗೆಯುವುದು ತಡವಾದ್ದರಿಂದ ಬೀಜವೆಲ್ಲ ಉದುರಿ ನೆಲದ ಮೇಲಿತ್ತು. ಅಷ್ಟು ದನ ಒಂದೇ ಸಲ ತುಳಿದರೆ ಹಾಳಾಗಿ ಹೋಗುವುದಿಲ್ಲವೇ, ಬರುವ ವರ್ಷ ಹುಲ್ಲು ಹುಟ್ಟೀತೇ ಎಂದು. ಬೀಜಕ್ಕಾದರೂ ಇರಲಿ ಎಂದು ಅವನು ಮೂಲೆಯ ಒಂದು ತುಂಡು ನೆಲಕ್ಕೆ ಬೇಲಿ ಸುತ್ತಿ, ಒಂದು ದನವನ್ನೂ ಬಿಡದೆ ಜೋಪಾನ ಮಾಡಿದ. ಬೇಸಿಗೆಯಿಡೀ ಅದೇ ಕಳವಳದಲ್ಲಿ ಕಳೆದ. ಮೊದಲ ಮಳೆ ಬಿತ್ತು. ಎಂಟು ದಿನಕ್ಕೆ ಹೋಗಿ ನೋಡಿದ. ದನಗಳ ಗೊರಸು ಬೀಜವನ್ನು ಒತ್ತಿ ಮಣ್ಣಿಗೆ ಸೇರಿಸಿದ ಕಡೆಯೆಲ್ಲ ಹುಲ್ಲು ಒತ್ತೊತ್ತಾಗಿ ಎದ್ದಿತ್ತು. ಜೋಪಾನ ಮಾಡಿದ ಮೂಲೆಯಲ್ಲಿ ಬೀಜ ಗಾಳಿಗೆ ಹಾರಿ, ಇರುವೆಗೆ ಸೇರಿ, ಅಲ್ಲೊಂದು ಇಲ್ಲೊಂದು ಎಸಳು ಇತ್ತು. ಚಿತ್ತಯ್ಯ ಆ ಮೂಲೆಯ ಬೇಲಿಯನ್ನು ಅವತ್ತೇ ಕಿತ್ತುಹಾಕಿದ. ಮಳೆ ಬಿದ್ದ ದಿನವೇ ಎಂದಿನಂತೆ ಹಾಕಿದ್ದ ಕಾವಲಿನ ದೊಡ್ಡ ಬಾಗಿಲ ಬಳಿ, ಕಂಬಳಿ ಹೊದ್ದು ಕಾಯಲು ಕುಳಿತ.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

ಮುರಿಗೆಪ್ಪನಿಗೆ ಮನಸ್ಸು ನಿರಾಳವಾಗಿತ್ತು. ಕರು ಉಳಿಯಿತಲ್ಲ, ಹಸು ಎದ್ದಿತಲ್ಲ, ಆ ಮನುಷ್ಯನಿಗೆ ಕೆಲಸವೂ ಹೋಗಲಿಲ್ಲವಲ್ಲ ಎಂದು ಸಂತೋಷಪಟ್ಟ. ಎರಡು ತಿಂಗಳಿಂದ ಬಿಗಿದುಕೊಂಡಿದ್ದ ಗಂಟು ಸಡಿಲವಾದದ್ದೂ ಅವನಿಗೆ ಗೊತ್ತಾಯಿತು. ಕಾಪಾಡುವುದು ಉಣಿಸುವುದಕ್ಕಾಗಿ, ಉಣಿಸಿದ್ದರಿಂದಲೇ ಹುಲ್ಲು ಉಳಿಯಿತು, ಆ ಪದವನ್ನು ಕಟ್ಟಿದ ಹಳೆಯ ಜನ ದನದ ಹಿಂದೆ ನಡೆದವರೇ ಇರಬೇಕು ಎಂದು ನಕ್ಕ. ಇದನ್ನು ಒಂದು ಸಣ್ಣ ಟಿಪ್ಪಣಿಯಾಗಿ ಸೇರಿಸಬೇಕು, ಅದಕ್ಕಾಗಿ ಇನ್ನೂ ಒಂದೆರಡು ನಿಘಂಟು ತರಿಸಿ ನೋಡಬೇಕು, ಇದುವರೆಗೆ ಬರೆದ ಪದಗಳನ್ನೂ ಈ ದೃಷ್ಟಿಯಿಂದ ಮತ್ತೊಮ್ಮೆ ತಿದ್ದಬೇಕು ಎಂದು ಉತ್ಸಾಹದಿಂದ ಹೇಳಿದ.

"ಆದರೂ ಬುದ್ಧಿ, ಎರಡರಲ್ಲಿ ಯಾವ ಅರ್ಥವನ್ನು ಮೊದಲು ಬರೆಯಲಿ?" ಎಂದ.

ಗುರುಗಳು ಚಾಚಿದ್ದ ಕಾಲನ್ನು ಮಡಿಸಿಕೊಂಡರು.

"ಯಾವುದನ್ನಾದರೂ ಬರೆ, ಮುರಿಗೆಪ್ಪ, ನಿನ್ನ ಮೇಷ್ಟ್ರುಗಳು ಹದಿನಾಲ್ಕು ವರ್ಷದಿಂದ ಬೇಲಿಯ ಆಚೆಗೇ ನಿಂತಿದ್ದಾರೆ."